ಹೆಚ್ಚಾದ ಜೋಳ

ಬೆಳಿಗ್ಗೆ ಡಬ್ಬಿ ಮಾತಾಡುವ ಮೊದಲು ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಿತ್ತು. ಶಹನಾಯಿ ಶುರುವಾಗುವುದಕ್ಕೆ ಮುಂಚಿನ ಆ ಉಸಿರಿಗೇ ನನಗೆ ಎಚ್ಚರವಾಗುವ ರೂಢಿ. ಆ ದಿನವೂ ಹಾಗೆಯೇ ಎದ್ದೆ. ಬಾಗಿಲಿಗೆ ನೀರು ಹಾಕಿ, ರಂಗೋಲಿಯ ನಾಲ್ಕು ಗೆರೆ ಎಳೆದು, ಹಾಲು ತಗೊಂಡು ಒಳಗೆ ಬಂದು ಸ್ಟೋವಿಗೆ ಗಾಳಿ ಹೊಡೆದೆ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಮಾಸ್ತರರು. ಹಿತ್ತಲ ಬಾಗಿಲಿಗೆ ಕನ್ನಡಿ ಸಿಗಿಸಿಕೊಂಡು ದಾಡಿ ಮಾಡಿಕೊಳ್ಳುತ್ತಿದ್ದರು. ಅಡುಗೆಮನೆಯ ಗೋಡೆಯ ಮೇಲೆ ಡಬ್ಬಿ ಶಹನಾಯಿ ಮುಗಿಸಿ, ಆ ದಿನದ ಹತ್ತಿಯ ದರ ಹೇಳತೊಡಗಿತ್ತು. ದರ ಮುಗಿದರೆ ಬೆಳಗಿನ ಕಾರ್ಯಕ್ರಮ ಮುಗಿಯಿತು. ಆಮೇಲೆ ಮಧ್ಯಾಹ್ನದ ಹಾಡಿನವರೆಗೆ ಡಬ್ಬಿ ಸುಮ್ಮನಿರುತ್ತಿತ್ತು. ಅದು ಸುಮ್ಮನಿದ್ದಾಗಲೇ ಮನೆಯವರೆಲ್ಲ ಹುಷಾರಾಗಿ ಮಾತಾಡಬೇಕಾದ ಹೊತ್ತು.

ಸ್ಟೋವು ಭರ್ರೆಂದು ಉರಿಯುವಾಗ ಮಾತ್ರ ನಾವಿಬ್ಬರೂ ಬಾಯಿ ಬಿಡುತ್ತಿದ್ದೆವು. ಅದರ ಸದ್ದಿನಲ್ಲಿ ಮಾತು ಮುಚ್ಚಿಹೋಗುತ್ತದೆ ಎಂದು ಮನೆಯವರು ಕಂಡುಕೊಂಡಿದ್ದರು. ಚಹಾ ಸೋಸುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು. ಕಿವಿಯ ಕೆಳಗೆ ಸಾಬೂನಿನ ನೊರೆ ಇನ್ನೂ ಇತ್ತು.

“ಆಫೀಸಿನ್ಯಾಗ ನಿಮ್ಮ ಸಾಹೇಬ ಏನರ ಕೇಳಿದ್ರ ಹೌದ್ರಿ, ಇಲ್ರಿ. ಅಷ್ಟ. ಮೂರನೇ ಮಾತು ಆಡಬ್ಯಾಡ.”

“ನಾ ಎಂದ ಮೂರನೇ ಮಾತು ಆಡೀನ್ರಿ?”

“ಈಗ ಆಡಿದ್ಯಲ್ಲ” ಎಂದು ನಕ್ಕು, ಸ್ಟೋವಿನ ಗಾಳಿ ಬಿಟ್ಟರು. ಮಾತು ಮುಗಿಯಿತು ಎಂದು ಅರ್ಥ.

ಈಗಿನವರಿಗೆ ಡಬ್ಬಿ ಅಂದರೆ ಏನು ಅಂತ ಹೇಳಬೇಕಾದೀತು. ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮೂರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಊರಿಗೆ ಒಂದು ಕಂಪನಿ ಬಂದು ಮನೆಮನೆಗೆ ತಂತಿ ಎಳೆದು, ತಂತಿಯ ತುದಿಗೆ ಒಂದು ಮರದ ಡಬ್ಬಿ ಕೂಡಿಸಿತು. ಬಿಟ್ಟಿಯಾಗಿ ಕೊಟ್ಟರು. ಮುಂಭಾಗಕ್ಕೆ ಬೂದು ಬಣ್ಣದ ಬಟ್ಟೆ, ಕೆಳಗೆ ಒಂದೇ ಗುಂಡಿ. ಆ ಗುಂಡಿ ತಿರುಗಿಸಿದರೆ ದನಿ ಕಡಿಮೆಯಾಗುತ್ತಿತ್ತು, ಪೂರ್ತಿ ನಿಲ್ಲುತ್ತಿರಲಿಲ್ಲ. ಮೊದಲು ಹಾಡು ಬಂತು, ಆಮೇಲೆ ಹತ್ತಿಯ ದರ, ಕಾಳಿನ ದರ, ಬಸ್ಸಿನ ಹೊತ್ತು. ಪೇಟೆಯ ರೇಡಿಯೋ ಅಂಗಡಿಗಳನ್ನು ಕಂಪನಿಯೇ ಕೊಂಡು ಬಾಗಿಲು ಹಾಕಿಸಿತು. ಮನೆಯಲ್ಲಿದ್ದ ಹಳೇ ರೇಡಿಯೋ ಕೆಟ್ಟರೆ ವಾಲ್ವು ಸಿಗದಂತಾಯಿತು. ಡಬ್ಬಿ ದರ ಹೇಳದೆ ಮಾರ್ಕೆಟ್ಟಿನಲ್ಲಿ ಯಾರೂ ತಕ್ಕಡಿ ಎತ್ತದಂತಾಯಿತು. ದರ ಹೇಳುವವರೇ ಕೊನೆಗೆ ಗೋದಾಮನ್ನೂ ಕಟ್ಟಿಸಿದರು. ಮನೆಯ ಖರ್ಚಿಗೆ ಮಿಕ್ಕ ಕಾಳು ಇದ್ದರೆ ಕಂಪನಿಯ ಗೋದಾಮಿಗೇ ಮಾರಬೇಕು, ಬೇಕಾದರೆ ಅಲ್ಲಿಂದಲೇ ಕೊಳ್ಳಬೇಕು, ಮುಚ್ಚಿಟ್ಟರೆ ತಂತಿ ಕಟ್.

ತಂತಿ ಕಟ್ ಆದ ಮನೆಗೆ ಏನಾಗುತ್ತದೆ ಎಂಬುದನ್ನು ನಮ್ಮ ಓಣಿಯಲ್ಲೇ ನೋಡಿದ್ದೆವು. ಒಬ್ಬ ಟೇಲರನ ಮನೆಯ ತಂತಿ ಕತ್ತರಿಸಿದ ಮೇಲೆ ಕಿರಾಣಿ ಅಂಗಡಿಯವರು ಅವರಿಗೆ ಉಪ್ಪು ಸಹ ಕೊಡಲಿಲ್ಲ. ಕೊಡಬಾರದು ಎಂದು ಯಾರೂ ಹೇಳಿರಲಿಲ್ಲ. ಅಂಗಡಿಯಲ್ಲೂ ಒಂದು ಡಬ್ಬಿ ಇತ್ತು, ಅಷ್ಟೆ. ಕೆಲವು ವಾರ ಕಳೆದ ಮೇಲೆ ಅವರು ಹೊಲಿಗೆ ಯಂತ್ರವನ್ನು ಗೋಣಿಯಲ್ಲಿ ಸುತ್ತಿಕೊಂಡು ಕಿತ್ತೂರಿಗೆ ಹೋಗಿ, ಹೈವೇದ ಮೇಲೆ ಯಾವುದೋ ಲಾರಿ ಹತ್ತಿ ಹೋದರಂತೆ. ಎಲ್ಲಿಗೆ ಎಂದು ಕೇಳಿದವರೂ ಇಲ್ಲ.

ನನಗೆ ಆ ಕಂಪನಿಯಲ್ಲಿ ಬೆಳಗಿನ ಪಾಳಿಯ ಕೆಲಸ. ನನ್ನ ತವರು ಬೆಳಗಾವಿ, ಸಿಸ್ಟರ್‌ಗಳ ಸಾಲೆಯಲ್ಲಿ ಓದಿದವಳು. ಇಂಗ್ಲಿಷು ಬರುವ ಹೆಣ್ಣುಮಕ್ಕಳು ಬೇಕು ಎಂದು ಡಬ್ಬಿಯೇ ಹೇಳಿತ್ತು. ಕೋಣೆಯ ಬಾಗಿಲಿಗೆ ‘ದೂರು ಆಲಿಸುವ ಕೋಣೆ’ ಎಂದು ಬೋರ್ಡು. ಊರವರ ಬಾಯಲ್ಲಿ ಅದು ಕಿವಿಕೋಣಿ.

ಮುಚ್ಚುಮರೆ ಏನೂ ಇರಲಿಲ್ಲ. ಡಬ್ಬಿ ಕೇಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಡಬ್ಬಿಯೊಳಗೆ ಇದ್ದದ್ದು ಕಾಗದದ ಒಂದು ಕೋನು, ಅದರ ಹಿಂದೆ ತಂತಿಯ ಸುರುಳಿ, ಒಂದು ಅಯಸ್ಕಾಂತ. ನಮ್ಮಲ್ಲಿಂದ ಕರೆಂಟು ಬಿಟ್ಟರೆ ಕಾಗದ ನಡುಗಿ ಹಾಡುತ್ತದೆ. ಹಾಡು ನಿಲ್ಲಿಸಿ ಸ್ವಿಚ್ಚು ಕೆಳಗೆ ಮಾಡಿದರೆ ಅದೇ ಕಾಗದ ಮನೆಯವರ ಮಾತಿಗೆ ನಡುಗಿ ನಮ್ಮ ಕಡೆ ಕರೆಂಟು ಕಳಿಸುತ್ತದೆ. ಹೊಸದಾಗಿ ಏನನ್ನೂ ಕೂಡಿಸಬೇಕಿಲ್ಲ. ಮೊದಮೊದಲು ಜನ ಹೆದರಿ ಅದರ ಮೇಲೆ ಟವೆಲ್ಲು ಹೊದಿಸುತ್ತಿದ್ದರು. ಮುಚ್ಚಿದರೆ ಗೊತ್ತಾಗುತ್ತದೆ, ಹಾಗೆ ಮಾಡಕೂಡದು ಎಂದು ನಿಯಮ ಬಂತು. ಬರಬರುತ್ತ ರೂಢಿಯಾಯಿತು. ಪೇಟೆಯಲ್ಲಿದ್ದ, ಊರ ಲೆಕ್ಕ ಬರೆದು ನಿವೃತ್ತರಾದ ಒಬ್ಬ ತಲಾಠಿ ದಿನಾ ಬೆಳಿಗ್ಗೆ ಡಬ್ಬಿಯ ಮುಂದೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. “ಕೇಳಾಕ ಹತ್ತಿಯೇನ್ ಬೇ ಕಿವಿಯಕ್ಕಾ? ಕೇಳು. ಇವತ್ತೂ ಹೊಟ್ಟಿ ಸುದ್ದ ಇಲ್ಲ. ಸೊಸಿ ಮಾಡಿದ ಬದನೀಕಾಯಿ. ನಿಮ್ಮ ದೊಡ್ಡ ಸಾಹೇಬಗ ಹೇಳು.” ನಾನು ಹೆಡ್‌ಫೋನಿನೊಳಗೆ ನಗುತ್ತಿದ್ದೆ. ನಕ್ಕದ್ದು ಅವರಿಗೆ ಕೇಳುವಂತಿರಲಿಲ್ಲ.

ಕೋಣೆ ಒಂದು ಹಳೇ ಹತ್ತಿ ಜಿನ್ನಿನ ಕಚೇರಿ. ಗಾಳಿಯಲ್ಲಿ ಇನ್ನೂ ಅರಳೆ ಹಾರುತ್ತಿತ್ತು. ಕಿವಿ ನೋಯದಿರಲಿ ಎಂದು ಹೆಡ್‌ಫೋನಿನ ಬಿಲ್ಲೆಗಳಿಗೆ ಆ ಅರಳೆಯನ್ನೇ ಒತ್ತಿಕೊಳ್ಳುತ್ತಿದ್ದೆವು. ಎದುರಿಗೆ ಗೋಡೆಯಷ್ಟಗಲ ಕರಿಯ ಹಲಗೆ, ಅದರ ತುಂಬ ತೂತು. ಒಂದೊಂದು ತೂತು ಒಂದೊಂದು ಮನೆ. ಹಿತ್ತಾಳೆಯ ಪಿನ್ನು ಚುಚ್ಚಿದರೆ ಆ ಮನೆ ಕಿವಿಯೊಳಗೆ ಬರುತ್ತಿತ್ತು. ಮೊದಲು ತಂತಿಯ ಗುಂಯ್ ಸದ್ದು, ಅದರ ಹಿಂದೆ ನಿಧಾನವಾಗಿ ಮನೆಯ ಸದ್ದು. ಯಾರ ಮನೆಯಲ್ಲಿ ಸೊಸೆ ರೊಟ್ಟಿ ಬಡಿಯುತ್ತಿದ್ದಾಳೆ, ಯಾರ ಮನೆಯಲ್ಲಿ ಅತ್ತೆ ಬಡಿಯುತ್ತಿದ್ದಾಳೆ ಎಂದು ಹೆಸರು ನೋಡದೆ ಹೇಳುವಷ್ಟು ಪಳಗಿದ್ದೆ. ಅತ್ತೆಯರ ಕೈ ಒಂದೇ ಸಮ. ಸೊಸೆಯರದು ನಡುನಡುವೆ ನಿಲ್ಲುತ್ತದೆ, ಯಾರೋ ಕರೆದಂತೆ.

ಕೆಲಸದ ಪದ್ಧತಿ ಹೀಗೆ. ಆಯಾ ವಾರಕ್ಕೆ ಕೆಲವು ಮಾತುಗಳನ್ನು ಹೇಳಿಕೊಡುತ್ತಿದ್ದರು. ಆ ವಾರ ಜೋಳ, ಗೋಧಿ, ಮುಚ್ಚಿಡು, ಹೇಳಬೇಡ ಇಂಥವು. ಅಂಥ ಮಾತು ಕೇಳಿದರೆ ಕೆಂಪು ಸ್ವಿಚ್ಚು ಒತ್ತಬೇಕು. ಗಾಜಿನ ಕೋಣೆಯಲ್ಲಿ ಸೂಪರಿಂಟೆಂಡೆಂಟ್ ಸಾಹೇಬರ ಮೇಜಿನ ಮೇಲೆ ದೀಪ ಹತ್ತುತ್ತದೆ. ಅವರು ಎದ್ದು ಬಂದು ನಿಲ್ಲುತ್ತಾರೆ, ಕೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಸಾಹೇಬರು ನಮ್ಮ ಸೀಮೆಯವರಲ್ಲ, ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲ. ಅವರು ಆಡಿದ್ದನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಒಳ್ಳೆಯ ಮನುಷ್ಯ ಎಂದೇ ಅನ್ನಬೇಕು. ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಗೋಡೆಗೆ ಅವರೇ ಬರೆಸಿ ಹಾಕಿದ ಮಾತು: ‘ಕೇಳಿದ್ದನ್ನು ಹೇಳಿ. ತಿಳಿದದ್ದನ್ನು ಹೇಳಬೇಡಿ.’

ಆ ದಿನ ನನ್ನ ಪಕ್ಕದಲ್ಲಿ ಬೆಳಗಾವಿಯ ಹುಡುಗಿ ಕೂತಿದ್ದಳು. ತಾಯಿ ತಂದೆ ಇಲ್ಲದೆ ಸಿಸ್ಟರ್‌ಗಳ ಬೋರ್ಡಿಂಗಿನಲ್ಲೇ ಬೆಳೆದವಳು. ಅವಳ ಇಂಗ್ಲಿಷು ನನ್ನದಕ್ಕಿಂತ ಚೊಕ್ಕ. ಕನ್ನಡ ಮಾತ್ರ ಪೇಟೆಯಲ್ಲಿ, ಬಸ್ಸಿನಲ್ಲಿ ಕಲಿತದ್ದು, ಮನೆಯೊಳಗಿನದಲ್ಲ. ನಾನು ಚಚಡಿ ಕಡೆಯ ಹೊಸ ಸಾಲಿನ ಮೇಲಿದ್ದೆ, ತಂತಿಗೆ ಏನೋ ತೇವ ತಗುಲಿ ಎರಡು ಮನೆಯ ಮಾತು ಒಂದರೊಳಗೊಂದು ಬೆರೆತು ಬರುತ್ತಿತ್ತು. ಅವಳು ಕೆಂಪು ಸ್ವಿಚ್ಚು ಒತ್ತಿದ್ದು ಕಣ್ಣಂಚಿಗೆ ಕಾಣಿಸಿತು. ಸಾಹೇಬರು ಬಂದರು. ಅವಳು ಎದ್ದು ನಿಂತು ಪಾಠ ಒಪ್ಪಿಸುವಂತೆ ಹೇಳಿದಳು: ಮಾರ್ಕೆಟ್ಟಿನ ಖಾನಾವಳಿಯ ಲೈನು. ಹೆಂಗಸಿನ ದನಿ. ‘ಜೋಳ ಅಗತ್ಯಕ್ಕಿಂತ ಹೆಚ್ಚು ಇದೆ. ಯಾರಿಗೂ ಹೇಳಬೇಡ.’

ಸಾಹೇಬರು ತಲೆ ಆಡಿಸಿ ಗಾಜಿನ ಕೋಣೆಗೆ ಹೋಗಿ ಫೋನೆತ್ತಿದರು. ತಂತಿ ಕತ್ತರಿಸುವ ಲೈನ್ ಗ್ಯಾಂಗಿಗೆ ಕರೆ ಎಂದು ಅವರು ಫೋನು ಹಿಡಿದ ರೀತಿಯಿಂದಲೇ ಗೊತ್ತಾಯಿತು.

ನಾನು ಒಂದು ಕಿವಿಯ ಬಿಲ್ಲೆ ಸರಿಸಿ ಹುಡುಗಿಯತ್ತ ಬಾಗಿದೆ. “ಕನ್ನಡದಾಗ ಏನಂದ್ರು?”

“‘ಜ್ವಾಳ ಹೆಚ್ಚಾಗ್ಯಾವ, ಯಾರ ಮುಂದೂ ಅನಬ್ಯಾಡ’ ಅಂದ್ರಕ್ಕ. ಸೊಸಿಗೆ ಹೇಳಾಕ ಹತ್ತಿದ್ರು. ಯಾಕ? ತಪ್ಪಾತೇನ?”

ತಪ್ಪಲ್ಲ. ಅವಳು ಕೇಳಿದ್ದನ್ನೇ ಹೇಳಿದ್ದಳು.

ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಅಡುಗೆಮನೆಯಿಂದ “ಅತ್ಯಾ, ಅಕ್ಕಿ ಖಾಲಿ ಆಗ್ಯಾವ್ರಿ” ಎಂದು ಕೂಗಿದ್ದೆ. ಅತ್ತೆ ಓಡಿಬಂದು ಹಿಟ್ಟು ಮೆತ್ತಿದ ಕೈಯಿಂದ ನನ್ನ ಬಾಯಿ ಮುಚ್ಚಿದ್ದರು. “ಖಾಲಿ ಅನಬಾರದ ಯವ್ವಾ. ಹೆಚ್ಚಾಗ್ಯಾವ ಅನಬೇಕು.” ಬೋರ್ಡಿಂಗಿನಲ್ಲಿ ಬೆಳೆದ ಹುಡುಗಿಯ ಬಾಯಿಯನ್ನು ಹೀಗೆ ಮುಚ್ಚುವವರು ಯಾರೂ ಇರಲಿಲ್ಲ.

ಖಾನಾವಳಿಯ ಅವ್ವನ ಮನೆಯಲ್ಲಿ ಜೋಳ ತೀರಿತ್ತು. ಯಾರ ಮುಂದೂ ಹೇಳಬೇಡ ಎಂದದ್ದೂ ಅದಕ್ಕೇ. ರೊಟ್ಟಿ ಇಲ್ಲ ಎಂದು ಗೊತ್ತಾದರೆ ಮಾರ್ಕೆಟ್ಟಿನ ಹಮಾಲರು ಬೇರೆ ಖಾನಾವಳಿಗೆ ಹೋಗುತ್ತಾರೆ, ಹೋದವರು ತಿರುಗಿ ಬರುವುದಿಲ್ಲ. ಗಂಡ ಸತ್ತ ಮೇಲೆ ಆ ಖಾನಾವಳಿಯ ಮೇಲೇ ಮಗನ ಸಂಸಾರ, ತನ್ನ ಮುಪ್ಪು ಎಲ್ಲವನ್ನೂ ಎಳೆಯುತ್ತಿದ್ದವಳು. ನನಗೆ ರೊಟ್ಟಿ ಬಡಿಯಲು ಕಲಿಸಿದ್ದು ಅವಳೇ. “ಬ್ರೆಡ್ಡು ತಿಂದು ಬಂದ ಕೈ ಇದು, ಬೆಣ್ಣಿ ಹಚ್ಚಾಕ ಅಷ್ಟ ಬರತೈತಿ” ಎಂದು ಹಮಾಲರ ಮುಂದೆ ಆಡಿಕೊಂಡು ನಕ್ಕು, ಹರಿದ ರೊಟ್ಟಿಯನ್ನು ತಾನೇ ತಿಂದು ಎದ್ದಿದ್ದಳು.

ಗ್ಯಾಂಗಿನವರು ಮೊದಲು ತಂತಿ ಕತ್ತರಿಸುತ್ತಿದ್ದರು, ಆಮೇಲೆ ಮನೆ ಜಾಲಾಡುತ್ತಿದ್ದರು. ಜಾಲಾಡಿ ಏನೂ ಸಿಗದಿದ್ದರೆ ಎಲ್ಲೋ ಹೂತಿದ್ದಾರೆ ಎಂದು ಅರ್ಥ. ಕತ್ತರಿಸಿದ ತಂತಿಯನ್ನು ತಿರುಗಿ ಕೂಡಿಸಿದ್ದು ನಾನು ಕಂಡಿಲ್ಲ.

ನಾನು ಹೆಡ್‌ಫೋನು ತೆಗೆದಿಟ್ಟು ಗಾಜಿನ ಬಾಗಿಲು ಬಡಿದೆ. ಪಾಳಿಯ ನಡುವೆ ಸೀಟು ಬಿಟ್ಟು ಏಳುವಂತಿಲ್ಲ. ಸಾಹೇಬರು ಬಯ್ಯಲಿಲ್ಲ, ಕುರ್ಚಿ ತೋರಿಸಿದರು. ನಾನು ಕೂಡಲಿಲ್ಲ. ಆ ಮಾತಿಗೆ ಹಾಗೆ ಅರ್ಥವಿಲ್ಲ, ಅದು ತೀರಿದೆ ಎಂದು ಹೇಳುವ ಬಗೆ, ಎಂದೆ.

“ಹೆಚ್ಚು ಅಂದರೆ ಇಲ್ಲ ಅಂತಲೇ?” ಎಂದರು.

“ಹೌದು ಸರ್.”

“ನಿಮ್ಮ ಭಾಷೆಯಲ್ಲಿ ಇಲ್ಲ ಎನ್ನುವುದಕ್ಕೆ ಬೇರೆ ಶಬ್ದ ಇಲ್ಲವೇ?”

“ಇದೆ ಸರ್. ಮನೆಯಲ್ಲಿ ಅನ್ನುವುದಿಲ್ಲ.”

ಅವರು ಗೋಡೆಯ ಮೇಲಿನ ಬರಹದತ್ತ ನೋಡಿದರು. ಹೊರಗೆ ಅಂಗಳದಲ್ಲಿ ಗ್ಯಾಂಗಿನವರು ಜೀಪಿನ ಮೇಲೆ ಏಣಿ ಕಟ್ಟುತ್ತಿದ್ದರು. ಒಬ್ಬ ಹಗ್ಗದ ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡುತ್ತಿದ್ದ.

“ನೀವೇ ಬಂದು ಕೇಳಿ ಸರ್” ಎಂದೆ.

ಬಂದರು. ಅಷ್ಟರಲ್ಲಿ ಮಧ್ಯಾಹ್ನದ ಹಾಡು ಶುರುವಾಗಿತ್ತು. ಹಾಡು ಹೋಗುತ್ತಿರುವ ಸಾಲಿನಿಂದ ಮಾತು ಬರುವುದಿಲ್ಲ. ಖಾನಾವಳಿಯ ಜೋಡಿ ತಂತಿಯನ್ನು ಮಾತ್ರ ಹಾಡಿನ ಪಟ್ಟಿಯಿಂದ ಬಿಡಿಸಬೇಕು. ಹೆಡ್‌ಫೋನು ಹಾಕಿಕೊಂಡು ಹಲಗೆಯ ಹಿಂದೆ ಬಗ್ಗಿ ಹುಡುಕಿದೆ. ಮೊದಲ ಸಲ ಪಕ್ಕದ ಜೋಡಿ ಕೈಗೆ ಬಂತು, ಯಾರದೋ ಮನೆಯ ಹಾಡು ನಡುವೆಯೇ ನಿಂತು, ಪಿನ್ನು ಚುಚ್ಚಿದೊಡನೆ ಒಳಗಿಂದ “ಏ ಕಿವಿಯಕ್ಕಾ, ಹಾಡು ಯಾಕ ನುಂಗಿದಿ?” ಎಂದು ಹುಡುಗಿಯೊಬ್ಬಳು ಕೂಗಿದಳು. ಅದನ್ನು ತಿರುಗಿ ಸಿಗಿಸಿ ಸರಿಯಾದ ಜೋಡಿ ಬಿಡಿಸಿದೆ. ಪಿನ್ನು ಚುಚ್ಚಿದೆ. ದನಿಯ ಗುಂಡಿಯನ್ನು ತುದಿಯವರೆಗೂ ತಿರುಗಿಸಿದೆ.

ಗುಂಯ್ ಸದ್ದು. ಕೊಡದಿಂದ ನೀರು ಸುರಿದ ಸದ್ದು. ಹೊರಗಿನ ಕಟ್ಟೆಯ ಮೇಲೆ ಹಮಾಲರ ಗದ್ದಲ, “ಅವ್ವಾ, ಇವತ್ತೇನ್ ಉಪಾಸೇನ?” ಎಂದು ಒಬ್ಬ. “ಕುಂದರ್ಲಾ, ಬಾಯಾಗ ಬೆಲ್ಲ ಇಟಗೊಂಡು” ಎಂದು ಅವಳ ದನಿ. ಎಂದಿನ ದನಿಯೇ, ಸ್ವಲ್ಪ ಜೋರು. ರೊಟ್ಟಿ ಬಡಿಯುವ ಸದ್ದು ಇರಲಿಲ್ಲ. ಆ ಹೊತ್ತಿನಲ್ಲಿ ಆ ಮನೆಯಿಂದ ಆ ಸದ್ದು ಇಲ್ಲದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆಮೇಲೆ ಡಬ್ಬದ ತಳಕ್ಕೆ ಅಳತೆಯ ಸೇರು ಕೆರೆದ ಸದ್ದು ಬಂತು. ತಗಡಿಗೆ ತಗಡು ಉಜ್ಜಿದ್ದು. ಇನ್ನೊಮ್ಮೆ, ಮೂಲೆಯಲ್ಲಿ.

ಹೆಡ್‌ಫೋನು ಸಾಹೇಬರ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು.

“ಏನೋ ತಗಡಿನ ಸದ್ದು.”

“ಬರಿದಾದ ಡಬ್ಬ ಸರ್. ಜೋಳದ್ದು.”

“ಉಪ್ಪಿನ ಡಬ್ಬವೂ ಇರಬಹುದು. ನೀವು ಕೇಳಿದ್ದು ಸದ್ದು, ಹೇಳುತ್ತಿರುವುದು ಜೋಳ” ಎಂದರು. ತಾಳ್ಮೆಯಿಂದಲೇ ಎಂದರು. “ಆ ಮಾತಿಗೆ ಅರ್ಥ ಬೇರೆ ಎಂದು ನೀವೊಬ್ಬರೇ ಹೇಳುತ್ತೀರಿ. ಆ ಮನೆಯವರು ನಿಮಗೆ ಪರಿಚಯ ಇರಬೇಕು.”

ಪರಿಚಯದ ಮನೆಯ ಲೈನು ಕೇಳಿದರೆ ಮೊದಲೇ ತಿಳಿಸಬೇಕು ಎಂಬ ನಿಯಮವೂ ಇತ್ತು. ನಮ್ಮ ಮನೆಯ ಗೋಡೆಯ ಮೇಲೂ ಒಂದು ಡಬ್ಬಿ ಇತ್ತು. ಮನೆಯವರು ಬೆಳಿಗ್ಗೆ ಹೇಳಿದ ಎರಡು ಮಾತನ್ನು ನಾನು ಆಗಲೇ ದಾಟಿ ಬಹಳ ದೂರ ಬಂದಿದ್ದೆ. ಹೊರಗೆ ಜೀಪು ಶುರುವಾದ ಸದ್ದು.

ಆಗ ಚಹಾದ ಬಾಯಿ ಒಳಗೆ ಬಂದಳು. ಸಂಗೊಳ್ಳಿಯಿಂದ ದಿನಾ ಬರುವ ಹೆಂಗಸು, ಕಿವಿಕೋಣೆಗೆ ಚಹಾ ತರುವುದು, ಕಸ ಹೊಡೆಯುವುದು ಅವಳ ಕೆಲಸ. ತಟ್ಟೆಯ ಮೇಲೆ ಲೋಟಗಳನ್ನು ಹೊಂದಿಸಿಕೊಂಡು ನಿಧಾನವಾಗಿ ಬರುತ್ತಿದ್ದಳು. ಇಲ್ಲಿ ಏನು ಮಾತು ನಡೆದಿದೆ ಎಂದು ಅವಳಿಗೆ ಗೊತ್ತಿಲ್ಲ. ಅವಳಿಗೆ ಇಂಗ್ಲಿಷು ಬರುವುದಿಲ್ಲ. ಸಾಹೇಬರಿಗೂ ಅದು ಗೊತ್ತು.

ನನ್ನ ಎಡಗೈಯಲ್ಲಿ ಹಸಿರು ಗಾಜಿನ ಬಳೆ ಇದ್ದವು. ಶ್ರಾವಣಕ್ಕೆ ಇಟ್ಟುಕೊಂಡವು. ಅಲ್ಲಿಯವರೆಗೆ ನನ್ನ ಕೈಯಲ್ಲಿ ಬಳೆ ಒಡೆದದ್ದೆಲ್ಲ ಆಕಸ್ಮಿಕವೇ. ಗಂಡ ಬದುಕಿರುವಾಗ ಬೇಕೆಂದು ಬಳೆ ಒಡೆದುಕೊಳ್ಳುವ ಹೆಂಗಸಿಲ್ಲ. ಸಿಸ್ಟರ್‌ಗಳ ಸಾಲೆಯಲ್ಲಿ ಓದಿದವಳು ನೀನು, ಇದೆಲ್ಲ ಏನು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಮೊದಲ ಸಲ ಕೈ ಎತ್ತಿದಾಗ ಅದು ತಾನಾಗಿ ನಿಂತಿತು. ಎರಡನೆಯ ಸಲ ಹಲಗೆಯ ಕಬ್ಬಿಣದ ಅಂಚಿಗೆ ಮುಂಗೈಯನ್ನು ಹೊಡೆದೆ.

ಚೂರು ನೆಲದ ಮೇಲೆ ಸಿಡಿದವು.

“ಅಯ್ಯ ಬಾಯಾರ!” ಚಹಾದ ಬಾಯಿ ತಟ್ಟೆಯನ್ನು ಅಲ್ಲೇ ಇಟ್ಟು ಓಡಿಬಂದಳು. “ಬಳಿ ಹೆಚ್ಚಿತಲ್ರಿ! ನೋಡ್ಕೋಬಾರದ? ಮುಂಗೈ ತೋರಸ್ರಿ, ಗಾಜು ನಟ್ಟೇತೇನ?”

“ಏನೆಂದಳು?” ಎಂದರು ಸಾಹೇಬರು. ನನ್ನನ್ನು ಕೇಳಲಿಲ್ಲ, ಹುಡುಗಿಯನ್ನು ಕೇಳಿದರು.

ಹುಡುಗಿ ಗೊಂದಲದಿಂದ ನನ್ನತ್ತ, ಚೂರುಗಳತ್ತ ನೋಡಿ, ಕೇಳಿದ್ದನ್ನೇ ಹೇಳಿದಳು. “ಬಳೆ ಹೆಚ್ಚಾಯಿತು ಅಂದಳು ಸರ್.”

ಸಾಹೇಬರು ಬಗ್ಗಿದರು. ಹಸಿರು ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡರು. ಮತ್ತೆ ನೇರವಾಗಿ ನಿಂತಾಗ ಅವರ ಮುಖ ಬೇರೆಯಾಗಿತ್ತು. ಬಹಳ ದಿನದಿಂದ ಬಿಡಿಸಲಾಗದಿದ್ದ ಲೆಕ್ಕ ಬಿಡಿಸಿದ ಸಾಲೆಯ ಹುಡುಗನ ಮುಖದಲ್ಲಿ ಬರುವಂಥ ಸಂತೋಷ. ಕಿಟಕಿಯಿಂದ ಕೈ ಬೀಸಿ ಜೀಪನ್ನು ನಿಲ್ಲಿಸಿದರು.

ಆಗ ಕುರ್ಚಿಯ ಮೇಲೆ ಕೂತೆ. ಚಹಾದ ಬಾಯಿ ಸೆರಗಿನ ತುದಿ ಒದ್ದೆ ಮಾಡಿ ನನ್ನ ಮುಂಗೈ ಒರೆಸುತ್ತಿದ್ದಳು. ಗೀರಿದ್ದಷ್ಟೆ.

“ಎಲ್ಲ ಮನೆಯಲ್ಲೂ ಹೀಗೆಯೇ ಅನ್ನುತ್ತಾರೆಯೇ?” ಸಾಹೇಬರು ಕೇಳಿದರು.

“ಹೌದು ಸರ್.”

“ದೀಪ ಆರಿದರೆ? ಯಾರಾದರೂ ಹೊರಟರೆ?”

ಒಂದು ಬಳೆಯಿಂದ ಅವರು ಒಂದೇ ಗುಕ್ಕಿಗೆ ಅಡುಗೆಮನೆಯಿಂದ ದೇವರಮನೆ, ಅಲ್ಲಿಂದ ತಲೆಬಾಗಿಲಿನವರೆಗೆ ನಡೆದು ಬಂದಿದ್ದರು. ದೀಪ ದೊಡ್ಡದು ಮಾಡು ಎಂದು ನಾವು ಏಕೆ ಅನ್ನುತ್ತೇವೆ, ಹೋಗುವಾಗ ಬರತೇನಿ ಎಂದೇ ಏಕೆ ಅನ್ನುತ್ತೇವೆ, ಎಲ್ಲ ನಾಲಿಗೆಯ ತುದಿಗೆ ಬಂತು.

“ಗೊತ್ತಿಲ್ಲ ಸರ್. ಇದೊಂದೇ.”

“ಸರ್, ಹೊರಡುವಾಗ ಇಲ್ಲಿಯವರು—” ಎಂದು ಹುಡುಗಿ ಶುರುಮಾಡಿದಳು. ಮೇಜಿನ ಕೆಳಗೆ ಅವಳ ಪಾದವನ್ನು ತುಳಿದೆ. ಅವಳು ನಿಲ್ಲಿಸಿ, “ಚಹಾ ಆರಿ ಹೋಗುತ್ತದೆ ಸರ್” ಎಂದಳು. ಒಳ್ಳೆಯ ಹುಡುಗಿ.

ಸಾಹೇಬರು ನಕ್ಕರು. “ಅವಸರವಿಲ್ಲ. ಮನೆಯಲ್ಲಿ ನೆನಪಾದರೆ ಡಬ್ಬಿಯ ಮುಂದೆ ಹೇಳಿ, ಸಾಕು. ಹೇಳಬೇಕೆಂದೂ ಇಲ್ಲ. ಎಂದಿನಂತೆ ಮಾತಾಡಿಕೊಂಡಿರಿ.”

ಆಮೇಲೆ ಅವರು ಟ್ರಂಕ್ ಲೈನಿನಲ್ಲಿ ಕಿತ್ತೂರಿನ ಕೋಣೆಗೆ ಮಾತಾಡಿದರು, ಸವದತ್ತಿಗೆ, ರಾಮದುರ್ಗಕ್ಕೆ. ಲೈನು ಸರಿ ಇರಲಿಲ್ಲ, ಕೂಗಿ ಹೇಳಬೇಕಾಗಿತ್ತು. ನನ್ನ ಅತ್ತೆಯ ಮಾತು ಅವರ ಬಾಯಲ್ಲಿ ಗಾಜಿನ ಆಚೆಯಿಂದ ಮತ್ತೆ ಮತ್ತೆ ಕೇಳಿಸಿತು. “ಹೆಚ್ಚು. ಹೆ, ಚ್ಚು. ಹೌದು, ಹೆಚ್ಚು ಅಂದರೆ ತೀರಿದೆ. ಮಧ್ಯಾಹ್ನದ ಪಾಳಿಯಿಂದಲೇ.” ಕೊನೆಯ ಕರೆ ಊರೊಳಗಿನದು, ಗೋದಾಮಿಗೆ. ಅದನ್ನು ದನಿ ತಗ್ಗಿಸಿ ಮಾತಾಡಿದರು. ನಾನು ಹೆಡ್‌ಫೋನು ಹಾಕಿಕೊಂಡು ಚಚಡಿಯ ಸಾಲಿಗೆ ತಿರುಗಿದೆ. ಎರಡು ಮನೆಯ ಮಾತು ಇನ್ನೂ ಬೆರೆತೇ ಬರುತ್ತಿತ್ತು.

ಪಾಳಿ ಮುಗಿಸಿ ಹೊರಟಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಜೀಪು ಅಂಗಳದಲ್ಲೇ ನಿಂತಿತ್ತು, ಏಣಿ ನೆಲಕ್ಕೆ ಇಳಿದಿತ್ತು. ಮಾರ್ಕೆಟ್ಟಿನ ದಾರಿ ಸುತ್ತು, ಆದರೂ ಅದೇ ದಾರಿ ಹಿಡಿದೆ. ಖಾನಾವಳಿ ಇನ್ನೂ ಒಂದು ತಿರುವು ದೂರ ಇರುವಾಗಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಒಂದೇ ಸಮನಾದ ಕೈ. ಕಟ್ಟೆಯ ಮೇಲೆ ಹಮಾಲರು ಸಾಲಾಗಿ ಕೂತು ಉಣ್ಣುತ್ತಿದ್ದರು. ಕಂಬದಿಂದ ತಂತಿ ಮೊದಲಿನಂತೆಯೇ ಮಾಡಿನೊಳಗೆ ಇಳಿದಿತ್ತು.

“ಏ ಬ್ರೆಡ್ಡಿನ ಕೈ!” ಒಳಗಿಂದ ಅವ್ವ ಕಂಡುಹಿಡಿದು ಕೂಗಿದಳು. “ಮುಖ ಯಾಕ ಬಾಡೇತಿ? ಬಾ, ಒಂದ್ ರೊಟ್ಟಿ ತಿಂದು ಹೋಗು.”

“ಇಲ್ಲ ಬೇ ಅವ್ವಾ, ಮನ್ಯಾಗ ಅವರು ಬರೂ ಹೊತ್ತಾತು.”

“ನಾಳಿಗೆ ಬಾ ಹಂಗಾರ. ಬಳಿ ಏನಾದ್ವು, ಕೈ ಬರೇ ಕಾಣಾಕತ್ತೇತಿ?”

ನಾನು ಸೆರಗು ಎಳೆದುಕೊಂಡೆ. ಹಿಟ್ಟು ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಯಾರೋ ಕೈಗಡ ಕೊಟ್ಟಿರಬೇಕು ಎಂದುಕೊಂಡೆ. ಆ ಸದ್ದು ಕಿವಿಯಲ್ಲಿ ಇಟ್ಟುಕೊಂಡೇ ಮನೆಯವರೆಗೆ ನಡೆದೆ. ಆ ಹೊತ್ತಿಗೆ ನನಗೆ ಅಷ್ಟು ಸಾಕಾಗಿತ್ತು.

ಸಂಜೆ ಮನೆಯವರು ಬಂದಾಗ ಸ್ಟೋವಿಗೆ ಜೋರಾಗಿ ಗಾಳಿ ಹೊಡೆದು, ಅದರ ಸದ್ದಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬಯ್ಯಬಹುದು ಎಂದುಕೊಂಡಿದ್ದೆ. ಬಯ್ಯಲಿಲ್ಲ. ನನ್ನ ಮುಂಗೈ ಹಿಡಿದು ಗೀರು ನೋಡಿದರು.

“ಎಷ್ಟು ಮಾತು ಹೇಳಿಕೊಟ್ಟಿ?”

“ಒಂದ್ರಿ. ಒಂದ ಹೇಳೇನಿ. ಉಳಿದದ್ದು ಬಾಯಿ ಬಿಟ್ಟಿಲ್ಲ.”

“ಮುದುಕಿ ಉಳಕೊಂಡ್ಳಲ್ಲ. ಬಿಡು.” ಆದರೆ ಕೈ ಬಿಡಲಿಲ್ಲ.

ಅಷ್ಟರಲ್ಲಿ ಸ್ಟೋವು ಪುಸ್ ಪುಸ್ ಎಂದು ಕೆಂಪಗಾಗಿ ಆರಿತು. ಚಿಮಣಿ ಎಣ್ಣೆ ತೀರಿತ್ತು. ಕೋಣೆ ಗಪ್ ಆಯಿತು. ಗೋಡೆಯ ಮೇಲೆ ಡಬ್ಬಿ, ಬೂದು ಬಟ್ಟೆ. ಡಿಪೋಕ್ಕೆ ಹೋಗಿ ಎಣ್ಣೆ ತರಬೇಕು ಎಂದು ಇವರಿಗೆ ಹೇಳಬೇಕಿತ್ತು. ಬಾಯಿ ತೆರೆದೆ. ಎಣ್ಣೆ ಹೆಚ್ಚಾಗೇತಿ ಎಂದರೆ ಈಗ ಅವರಿಗೆ ಗೊತ್ತಾಗುತ್ತದೆ. ಖಾಲಿ ಎನ್ನಲು ಹೋದರೆ ಅತ್ತೆಯ ಹಿಟ್ಟಿನ ಕೈ ಬಾಯಿಗೆ ಅಡ್ಡ ಬಂತು. ನನ್ನ ಬಳಿ ಮೂರನೆಯ ಶಬ್ದ ಇರಲಿಲ್ಲ. ಎಣ್ಣೆಯ ಬಾಟಲಿಯನ್ನು ತೆಗೆದುಕೊಂಡು, ಅವರ ಮುಂದೆ ತಲೆಕೆಳಗೆ ಹಿಡಿದು ತೋರಿಸಿದೆ. ಅವರು ಸುಮ್ಮನೆ ಚೀಲ ತೆಗೆದುಕೊಂಡು ಹೊರಟರು. ಬಾಗಿಲಲ್ಲಿ ನಿಂತು ನನ್ನತ್ತ ತಿರುಗಿದರು, ತುಟಿ ಅಲ್ಲಾಡಿತು. ಏನೂ ಅನ್ನದೆ ಮೆಟ್ಟಿಲಿಳಿದರು.

ನಾನು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆ ನೆರೆಮನೆಯ ಕಾಕು ಮೊರ ಹಿಡಿದು ಜೋಳ ಕೇರುತ್ತಿದ್ದಳು. ಹೊಸ ಜೋಳ, ಹೊಟ್ಟು ಗಾಳಿಗೆ ಹಾರಿ ನಮ್ಮ ಕಡೆಯ ತುಳಸಿಯ ಮೇಲೆ ಬೀಳುತ್ತಿತ್ತು. ನನ್ನನ್ನು ಕಂಡು ಮೊರ ನಿಲ್ಲಿಸದೆಯೇ ಮಾತು ತೆಗೆದಳು.

“ಅಲ್ಲ ತಂಗಿ, ಮಧ್ಯಾಹ್ನ ಅಡಗಿ ಮನ್ಯಾಗ ಸೊಸಿ ಮುಂದ ‘ಜ್ವಾಳ ಹೆಚ್ಚಾದ್ವು’ ಅಂದಿದ್ದೆ, ಅಷ್ಟ. ಇನ್ನ ಬಾಂಡೆ ತೊಳದಿಲ್ಲ, ಕಂಪನಿ ಚಕ್ಕಡಿ ಚೀಲ ಹೇರ್ಕೊಂಡು ಬಾಗಲಕ್ಕ ಬಂದು ನಿಂತತಿ! ರೇಟು ಒಂದೀಟು ಮ್ಯಾಲ ಹಚ್ಚ್ಯಾರ, ಒಲ್ಲೆ ಅಂದ್ರ ಮತ್ತ ಯಾವಾಗ ಬರತೇವೋ ಗೊತ್ತಿಲ್ಲ ಅಂದ್ರು, ತಗೊಂಡೆ. ಆದ್ರೂ ನೋಡು, ಬಾಯಿಬಿಟ್ಟು ಕೇಳೂದ್ರಾಗ ತಂದು ಕೊಡ್ತಾರ, ಹಡದ ಅವ್ವಗ ಸೈತ ಇಷ್ಟು ಕಾಳಜಿ ಇರೂದಿಲ್ಲ.”